ಉಪ್ಪು ಸಾಲದು

ನನ್ನ ಬ್ಲಾಗಿಗೆ ಇನ್ನೂರ ಹದಿನಾಲ್ಕು ಓದುಗರಿದ್ದಾರೆ. ಅವರಲ್ಲಿ ನೂರ ತೊಂಬತ್ತು ಮಂದಿ ತುಟಿಪಿಟಕ್ಕೆನ್ನುವುದಿಲ್ಲ, ಉಳಿದವರು ಬೈಯುತ್ತಾರೆ. ‘ಇಷ್ಟು ದಂಡದ ಬರಹವನ್ನು ಈಚೆಗೆ ಓದಿರಲಿಲ್ಲ, ಅರ್ಧಕ್ಕೇ ನಿದ್ದೆ ಬಂತು’ ಎಂದು ಹೋದ ತಿಂಗಳು ಒಬ್ಬರು ಬರೆದಿದ್ದರು. ಓದಿ ನನ್ನ ಕಣ್ಣು ತುಂಬಿತು. ಆಫೀಸಿನಲ್ಲಿ ಎದುರಿಗೆ ಕೂರುವ ರುದ್ರಮುನಿಗೆ ತೋರಿಸಿದೆ. ಅವನು ಕನ್ನಡಕ ಹಣೆಗೇರಿಸಿ ಎರಡು ಸಲ ಓದಿ, “ಯಾರೋ ನಿನ್ನ ಬರವಣಿಗೇನ ತುಂಬಾ ಹಚ್ಕೊಂಡವ್ರೆ ಕಣೆ ವಾರಿಜ” ಎಂದು ಮತ್ತೆ ತನ್ನ ಪದಬಂಧದಲ್ಲಿ ಮುಳುಗಿದ.

ನಮ್ಮೂರಿನಲ್ಲಿ ಹೊಗಳಿದರೆ ಕಟ್ಟಡಗಳು ಜಾಗ ಬದಲಿಸುತ್ತವೆ. ಬಾಯಲ್ಲಿ ಹೊಗಳಿದರೆ ಆಗಿಂದಾಗಲೇ ಒಂದೆರಡು ಅಡಿ ಜರುಗುತ್ತವೆ. ಬರೆದು ಹೊಗಳಿ, ಅದನ್ನು ನಾಲ್ಕು ಜನ ಓದಿಬಿಟ್ಟರೆ ಬೆಳಗಾಗುವಷ್ಟರಲ್ಲಿ ಯಾವುದೋ ಬೇರೆ ಬೀದಿಯಲ್ಲಿ ಹೋಗಿ ಕೂತಿರುತ್ತವೆ. ಹೊಗಳಿಕೆ ನಿಜವಾಗಿರಬೇಕು, ಅಷ್ಟೆ. ಸುಳ್ಳು ಹೊಗಳಿಕೆಗೆ ಇಟ್ಟಿಗೆಯೊಂದೂ ಅಲುಗುವುದಿಲ್ಲ. ನಗರಸಭೆಯ ಕಟ್ಟಡವನ್ನು ಪ್ರತಿವರ್ಷ ಭಾಷಣದಲ್ಲಿ ಹಾಡಿ ಹೊಗಳುತ್ತಾರೆ, ಅದು ಕಟ್ಟಿದ ಜಾಗದಲ್ಲೇ ಗಟ್ಟಿಯಾಗಿ ಕೂತಿದೆ. ದೊಡ್ಡ ದೇವಸ್ಥಾನದಲ್ಲಿ ದಿನಕ್ಕೆ ಮೂರು ಹೊತ್ತು ಸ್ತೋತ್ರ ನಡೆಯುತ್ತದೆ, ಅದೂ ನೂರಾರು ವರ್ಷಗಳಿಂದ ಇದ್ದಲ್ಲೇ ಇದೆ. ಇದರ ಅರ್ಥವೇನು ಎಂದು ಅರ್ಚಕರನ್ನು ಕೇಳುವ ಧೈರ್ಯ ಯಾರಿಗೂ ಬಂದಿಲ್ಲ.

ಊರಿಗೆ ನಕ್ಷೆಯಿಲ್ಲ. ಒಂದು ಕಾಲದಲ್ಲಿ ಹೊರಗಿನಿಂದ ಒಬ್ಬ ಸರ್ವೇಯರ್ ಬಂದು ಮೂರು ವರ್ಷ ಬಿಸಿಲಲ್ಲಿ ಅಲೆದು ನಕ್ಷೆ ತಯಾರಿಸಿದನಂತೆ. ಕೊನೆಯ ದಿನ ಅದರ ಅಂಚಿನಲ್ಲಿ ‘ಇಂಥ ಚೆಲುವಾದ ಊರನ್ನು ನಾನು ನೋಡಿಲ್ಲ’ ಎಂದು ಬರೆದು ಸಹಿ ಹಾಕಿದ. ಪಾಪ, ಮನಸಾರೆ ಬರೆದಿದ್ದ. ಮರುದಿನ ಬೆಳಿಗ್ಗೆ ನಕ್ಷೆಯನ್ನು ಪೊಟ್ಟಣ ಕಟ್ಟುವವರಿಗೆ ಕೊಟ್ಟರು.

ಇಂಥ ಊರಿನಲ್ಲಿ ಬಾಳುವವರು ಬಾಯಿಯನ್ನು ಹತೋಟಿಯಲ್ಲಿಟ್ಟುಕೊಳ್ಳಬೇಕಾಗುತ್ತದೆ. ಹೆಣ್ಣು ನೋಡಲು ಬಂದವರು ‘ಉಪ್ಪಿಟ್ಟು ಬಾಯಿಗಿಡೋ ಹಾಗಿಲ್ಲ’ ಎಂದರೆ ಸಂಬಂಧ ಕುದುರಿತು ಎಂದೇ ಲೆಕ್ಕ. ಗಂಡನಾದವನು ಮೈಮರೆತು ‘ಸಾರು ಚೆನ್ನಾಗಿದೆ’ ಎಂದನೋ, ಹೆಂಡತಿ ಸಂತೋಷಪಡುವುದು ಆಮೇಲೆ, ಮೊದಲು ಹೊರಗೆ ಓಡಿ ಮನೆ ಕಾಂಪೌಂಡಿಗೆ ಗುದ್ದಿತೇ ಎಂದು ನೋಡುತ್ತಾಳೆ. ನಮ್ಮ ಹಳೆಯ ಬೀದಿಯಲ್ಲಿ ಒಬ್ಬ ಜಗಳಗಂಟಿ ಇದ್ದಳು. ಅವಳನ್ನು ಸಾಗಹಾಕಲು ಅವಳಲ್ಲಿ ಹೊಗಳುವಂಥದ್ದು ಏನಾದರೂ ಸಿಗುತ್ತದೆಯೇ ಎಂದು ಇಡೀ ಬೀದಿ ಒಟ್ಟಾಗಿ ವರ್ಷಗಟ್ಟಲೆ ಹುಡುಕಿತು. ಅವಳು ಇವತ್ತಿಗೂ ಅಲ್ಲೇ ಇದ್ದಾಳೆ.

ನನ್ನ ನೌಕರಿ ನಗರಸಭೆಯ ವಿಳಾಸ ತಿದ್ದುಪಡಿ ವಿಭಾಗದಲ್ಲಿ, ಮೂರನೇ ಕೌಂಟರು. ಬೆಳಿಗ್ಗೆ ಹತ್ತಕ್ಕೆ ಕಿಟಕಿ ತೆಗೆದರೆ ಜನ ಸಾಲುಗಟ್ಟಿ ನಿಂತಿರುತ್ತಾರೆ. ನಮೂನೆ ಆರರಲ್ಲಿ ಹಳೆಯ ಜಾಗ, ಹೊಸ ಜಾಗ, ಹೊಗಳಿದವರ ಹೆಸರು, ಹೊಗಳಿಕೆಗೆ ಕಾರಣ ಎಂದು ನಾಲ್ಕು ಕಲಮುಗಳಿವೆ. ಕದಲುವುದು ಕಟ್ಟಡವಾದರೂ ಹೊಗಳಿಕೆ ಯಾವುದಕ್ಕೆ ಬೇಕಾದರೂ ಇರಬಹುದು. ಒಂದು ಸಲ ಮದುವೆಮನೆಯಲ್ಲಿ ಯಾರೋ ಹೆಂಗಸು ಇನ್ನೊಬ್ಬಳ ರವಿಕೆ ನೋಡಿ ‘ಅದೆಷ್ಟು ಚೆನ್ನಾಗಿ ಕೂತಿದೆಯೇ’ ಎಂದುಬಿಟ್ಟಳು. ತೊಟ್ಟವಳ ಮನೆ ಜರುಗಲಿಲ್ಲ, ದೊಡ್ಡ ಬೋರ್ಡಿನ ಟೈಲರ್ ಅಂಗಡಿಯೂ ಜರುಗಲಿಲ್ಲ. ಆ ಅಂಗಡಿಯಿಂದ ಬಟ್ಟೆ ಒಯ್ದು ಮನೆಯಲ್ಲಿ ಹೊಲಿದುಕೊಡುತ್ತಿದ್ದ ಒಬ್ಬ ಮುದುಕನ ಮನೆ ಎರಡಡಿ ಸರಿದು ಚರಂಡಿಗೆ ವಾಲಿತು. ಆ ಫೈಲು ನಾಲ್ಕು ತಿಂಗಳು ನನ್ನ ಮೇಜಿನ ಮೇಲೇ ಇತ್ತು. ನಾನು ಅದನ್ನು ಓದಿ, ನಕ್ಕು, ಸಹಿ ಹಾಕಿ ಕಳಿಸಿದೆ.

ಸಂಜೆ ಐದೂವರೆಯ ನಂತರದ ನನ್ನ ಬದುಕೆಲ್ಲ ಬ್ಲಾಗು. ಬ್ಲಾಗಿನ ಹೆಸರು ‘ಉಪ್ಪು ಸಾಲದು’. ಸಿನಿಮಾ ನೋಡಿದರೆ ಬರೆಯುತ್ತೇನೆ, ಹಳೇ ಪುಸ್ತಕದ ಗಾಡಿಯಲ್ಲಿ ಏನಾದರೂ ಕೊಂಡರೆ ಬರೆಯುತ್ತೇನೆ, ಬಸ್ಸಿನಲ್ಲಿ ಯಾರ ಕೊಡೆ ಯಾರ ಪಕ್ಕೆಗೆ ಚುಚ್ಚಿತು ಎಂಬುದನ್ನೂ ಬಿಡುವುದಿಲ್ಲ. ಭಾನುವಾರ ಊರು ಸುತ್ತಿ ಯಾವ ಯಾವುದು ಎಲ್ಲೆಲ್ಲಿ ಹೋಗಿದೆ ಎಂದು ನೋಡಿಕೊಂಡು ಬರುವುದು ನನ್ನ ಹವ್ಯಾಸ. ಇಷ್ಟವಾದುದನ್ನೆಲ್ಲ ಬಾಯಿ ತುಂಬ ಬೈಯುತ್ತೇನೆ. ಇಷ್ಟವಾಗದ್ದರ ಬಗ್ಗೆ ಸುಮ್ಮನಿರುತ್ತೇನೆ. ಓದುಗರಿಗೆ ಅರ್ಥವಾಗುತ್ತದೆ.

ಹನ್ನೊಂದು ವರ್ಷದ ಹಿಂದೆ ಒಂದೇ ಒಂದು ಸಲ ನನ್ನ ಬರಹವನ್ನು ಯಾರೋ ನಿಜವಾಗಿ ಹೊಗಳಿದರು. ಬೇರೆ ಊರಿನವರಿರಬೇಕು, ಇಲ್ಲಿನ ಪದ್ಧತಿ ಗೊತ್ತಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಅವರ ಕೊಡೆಯ ಬಗ್ಗೆ ಎರಡು ಪುಟ ಬರೆದಿದ್ದೆ. ‘ಓದಿ ಕೊಡೆ ಹಿಡಿದುಕೊಂಡು ಸುಮ್ಮನೆ ಕೂತಿದ್ದೆ, ತುಂಬಾ ಚೆನ್ನಾಗಿದೆ’ ಎಂದು ಕೆಳಗೆ ಬರೆದಿದ್ದರು. ಬೆಳಿಗ್ಗೆ ಎದ್ದು ಬಾಗಿಲು ತೆರೆದರೆ ಮೆಟ್ಟಿಲೇ ಇರಲಿಲ್ಲ. ಮಹಡಿಯ ಮೇಲಿನ ನನ್ನ ಒಂಟಿ ಕೋಣೆ ಮಾತ್ರ ಎದ್ದು ಬಂದು, ಪರಿಚಯವೇ ಇಲ್ಲದ ಗಲ್ಲಿಯಲ್ಲಿ ಪರಿಚಯವೇ ಇಲ್ಲದವರ ತಾರಸಿಯ ಮೇಲೆ ಕೂತಿತ್ತು. ಕೆಳಗಿನವರು ಏಣಿ ತಂದು ನನ್ನನ್ನು ಇಳಿಸಿದರು, ಆಮೇಲೆ ಬೈದರು. ಅವತ್ತು ನನಗೆ ಊರೇ ಬೇಡವಾಗಿತ್ತು. ಅಪ್ಪ ಇರಲಿಲ್ಲ, ಹಳೆಯ ಬೀದಿಯೂ ಇರಲಿಲ್ಲ, ಹಲ್ಲುಜ್ಜುವ ನೀರಿಗೂ ಯಾರನ್ನೋ ಕೇಳಬೇಕಿತ್ತು. ಗಲ್ಲಿಯ ಮೂಲೆಯಲ್ಲಿ ಒಂದು ಹೋಟೆಲು ಕಂಡಿತು. ಪರಮಶಿವ ಟಿಫಿನ್ ರೂಮ್. ಒಳಗೆ ಹೋಗಿ ಇಡ್ಲಿ ಹೇಳಿದೆ. ಇಡ್ಲಿ ಬಂತು, ಪಕ್ಕದಲ್ಲಿ ಚಟ್ನಿ ಬಂತು. ಒಂದು ತುತ್ತು ಬಾಯಿಗಿಟ್ಟುಕೊಂಡವಳು ಎದ್ದಾಗ ಮೂರು ಪ್ಲೇಟು ಆಗಿತ್ತು, ನನಗೆ ಆ ಗಲ್ಲಿಯಲ್ಲೇ ಇರಬೇಕು ಅನ್ನಿಸಿತ್ತು.

ಅಂದಿನಿಂದ ದಿನಾ ಬೆಳಿಗ್ಗೆ ಎಂಟಕ್ಕೆ ನಾನು ಅಲ್ಲಿ ಹಾಜರು. ಮಾಲೀಕ ಪರಮಶಿವಯ್ಯ ಅರವತ್ತರ ಆಳು, ಗಲ್ಲಾಪೆಟ್ಟಿಗೆಯ ಹಿಂದೆ ವಿಭೂತಿ ಧರಿಸಿ ಎದೆಯುಬ್ಬಿಸಿ ಕೂರುತ್ತಾನೆ. ಚಟ್ನಿಯ ಗುಟ್ಟು ಕೇಳಿದರೆ ಅಂಗೈ ಎತ್ತಿ ತೋರಿಸುತ್ತಾನೆ. “ಕೈಗುಣ ಮೇಡಂ, ನಮ್ಮ ತಾತನ ಕಾಲದಿಂದ ಬಂದಿದ್ದು. ಅಡುಗೆಮನೇಗೆ ಯಾರ್ನೂ ಬಿಡಲ್ಲ ನಾನು.” ಅದು ನಿಜ, ಅಡುಗೆಮನೆಯ ಬಾಗಿಲು ಸದಾ ಮುಚ್ಚಿರುತ್ತಿತ್ತು. ಅವನನ್ನು ಬಿಟ್ಟರೆ ಒಳಗೆ ಹೋಗಿ ಬರುತ್ತಿದ್ದವಳು ತಾಯಮ್ಮ ಒಬ್ಬಳೇ. ಹೋಟೆಲಿನ ಹಿಂದೆ ಚರಂಡಿ ಪಕ್ಕದ ಒಂದು ಕೋಣೆಯ ಮನೆಯಲ್ಲಿ ಇರುವ ಹೆಂಗಸು. ಬೆಳಿಗ್ಗೆ ಆರಕ್ಕೆ ಸೊಂಟದ ಮೇಲೆ ಮುಚ್ಚಿದ ದೊಡ್ಡ ಪಾತ್ರೆಯಿಟ್ಟುಕೊಂಡು ಹಿಂಬಾಗಿಲಿನಿಂದ ಬರುವುದು, ಖಾಲಿ ಪಾತ್ರೆ ಹಿಡಿದು ಹೋಗುವುದು ನನ್ನ ಕಿಟಕಿಯಿಂದ ಕಾಣುತ್ತಿತ್ತು. ಪಾತ್ರೆ ತೊಳೆಯುವವಳು ಎಂದುಕೊಂಡಿದ್ದೆ. ಹನ್ನೊಂದು ವರ್ಷ ಹಾಗೇ ಅಂದುಕೊಂಡಿದ್ದೆ, ನಾಚಿಕೆಯಿಲ್ಲದೆ ಹೇಳುತ್ತಿದ್ದೇನೆ.

ಬ್ಲಾಗಿನಲ್ಲಿ ಆ ಚಟ್ನಿಯನ್ನು ನಾನು ಬೈದಷ್ಟು ಯಾವುದನ್ನೂ ಬೈದಿಲ್ಲ. ಗೋಡೆಗೆ ಬಳಿಯಲು ಲಾಯಕ್ಕು ಎಂದು ಬರೆದಿದ್ದೇನೆ. ಶತ್ರುಗಳ ಮನೆಗೆ ಕಳಿಸಿಕೊಡಬಹುದು ಎಂದಿದ್ದೇನೆ. ಅದನ್ನೆಲ್ಲ ಓದಿದವರು ಊರಿನ ಮೂಲೆಮೂಲೆಯಿಂದ ಬಂದು ಸಾಲು ನಿಲ್ಲುತ್ತಿದ್ದರು. ಪರಮಶಿವಯ್ಯ ನನ್ನ ಬೈಗುಳಗಳನ್ನು ಪ್ರಿಂಟು ತೆಗೆಸಿ, ಚೌಕಟ್ಟು ಹಾಕಿಸಿ, ದೇವರ ಫೋಟೋಗಳ ಪಕ್ಕದಲ್ಲೇ ನೇತುಹಾಕಿದ್ದ.

ಹೋಟೆಲಿಗೆ ಜೀವ ತುಂಬಿದ್ದು ಎದುರಿಗಿದ್ದ ಪಾಲಿಟೆಕ್ನಿಕ್ಕು. ಅದು ಹೋದ ಚಳಿಗಾಲದಲ್ಲಿ ಎದ್ದು ಹೋಯಿತು. ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಮೇಷ್ಟ್ರ ಬಗ್ಗೆ ಎಲ್ಲೋ ಕಣ್ಣೀರಿಟ್ಟುಕೊಂಡು ಬರೆದನಂತೆ. ಮೂರಂತಸ್ತಿನ ಕಟ್ಟಡ ಒಂದೇ ಏಟಿಗೆ ಊರಾಚೆ ಹೋಗಿ ನಿಂತಿತು. ಅದಿದ್ದ ಜಾಗದಲ್ಲಿ ಪಾರ್ಥೇನಿಯಂ ಬೆಳೆಯಿತು. ಗಲ್ಲಿಗೆ ಬರುವವರೇ ಇಲ್ಲವಾದರು. ನನ್ನ ಬೈಗುಳ ನಂಬಿ ಬರುತ್ತಿದ್ದವರೂ ದಾರಿ ತಪ್ಪಿ ವಾಪಸ್ಸು ಹೋಗತೊಡಗಿದರು. ಎಂಟು ಗಂಟೆಗೆ ಹೋದರೆ ನಾನೊಬ್ಬಳೇ, ಜೊತೆಗೆ ನೊಣ. ಇಡ್ಲಿ ಪಾತ್ರೆಯಲ್ಲಿ ನಾಲ್ಕು ತಟ್ಟೆಯ ಬದಲು ಒಂದು ತಟ್ಟೆ ಇಡುತ್ತಿದ್ದರು.

ಒಂದು ಶನಿವಾರ ಪರಮಶಿವಯ್ಯ ಗಲ್ಲಾ ಬಿಟ್ಟು ಬಂದು ನನ್ನೆದುರು ಕೂತ. ಹನ್ನೊಂದು ವರ್ಷದಲ್ಲಿ ಅವನು ಗಿರಾಕಿಯ ಎದುರು ಕೂತದ್ದನ್ನು ನಾನು ನೋಡಿರಲಿಲ್ಲ.

“ಮೇಡಂ, ಈ ತಿಂಗಳು ಕಳೆದ್ರೆ ಬಾಗ್ಲು ಹಾಕ್ತೀನಿ.”

“ಯಾಕ್ರೀ, ಇನ್ನೊಂದಿಷ್ಟು ಬೈಲಾ?”

“ಬೈದ್ರೆ ಏನ್ ಬಂತು? ಬೈದ್ರೆ ಜನ ಬರ್ತಾರೆ ಅಂದ್ರೆ, ಅವ್ರು ಬರಕ್ಕೆ ದಾರೀನೇ ಇಲ್ವಲ್ಲ. ಹೊಗಳಿ ಮೇಡಂ.”

ಬಾಯಿಗೆತ್ತಿದ್ದ ಇಡ್ಲಿಯನ್ನು ನಾನು ತಟ್ಟೆಗೆ ಇಳಿಸಿದೆ.

“ಒಂದೇ ಒಂದ್ಸಲ, ಮನಸ್ಸಿಟ್ಟು ಹೊಗಳಿ. ಹೋಟ್ಲು ಇಲ್ಲಿಂದೆದ್ದು ಜನ ಓಡಾಡೋ ಕಡೆ ಹೋಗಿ ಕೂತ್ಕೊಳ್ಳಿ. ಎಲ್ಲಾದ್ರೂ ಸರಿ. ಬಸ್‌ಸ್ಟ್ಯಾಂಡು, ಮಾರ್ಕೆಟ್ಟು, ಸ್ಮಶಾನದ ಮುಂದೆ ಆದ್ರೂ ಸರಿ, ಅಲ್ಲೂ ಜನ ಹಸ್ಕೊಂಡೇ ಇರ್ತಾರೆ.”

“ಹೋದ್ಮೇಲೆ ನಾನೇನ್ ತಿನ್ಲಿ?”

“ಹುಡ್ಕೊಂಡು ಬನ್ನಿ. ನೀವು ವಿಳಾಸದ ಆಫೀಸ್ನೋರಲ್ವಾ?” ಎಂದು ಅವನು ಗಡುಸಾಗಿ ಹೇಳಲು ಹೋದ, ಧ್ವನಿ ಒಡೆಯಿತು. “ನಿಮ್ಮ ಮಾತು ಸುಳ್ಳಾಗಲ್ಲ ಅಂತ ಊರಿಗೇ ಗೊತ್ತು. ನೀವು ಹೊಗಳಿದ್ರೆ ಹೋಗೇ ಹೋಗುತ್ತೆ.”

ಅವನು ಹಾಗೆಂದಾಗ ನನಗೆ ಹೆದರಿಕೆಯಾಯಿತು. ಬರೆದರೆ ಹೋಟೆಲು ಹೋಗುತ್ತದೆ, ಬರೆಯದಿದ್ದರೆ ಮುಚ್ಚುತ್ತದೆ. ಬರೆದೂ ಹೋಗದಿದ್ದರೆ? ಆಗ ನನ್ನ ಹೊಗಳಿಕೆ ಸುಳ್ಳು, ನನ್ನ ಇಷ್ಟು ವರ್ಷದ ಬೈಗುಳವೂ ಸುಳ್ಳು ಎಂದು ಊರೆಲ್ಲ ಆಡಿಕೊಳ್ಳುತ್ತದೆ. ಪರಮಶಿವಯ್ಯನಂತೂ ಮುಗಿದೇಹೋದ. ಆಫೀಸಿನಲ್ಲಿ ರುದ್ರಮುನಿಗೆ ಹೇಳಿದೆ. ಅವನು ಪೆನ್ಸಿಲ್ಲು ಕಿವಿಗೆ ಸಿಕ್ಕಿಸಿಕೊಂಡು, “ಹನ್ನೊಂದು ವರ್ಷ ತಿಂದಿದ್ದೀಯ, ಒಂದು ಒಳ್ಳೆ ಮಾತು ಹೇಳಕ್ಕೆ ಹೊಟ್ಟೆನೋವಾ?” ಎಂದ. ಅವನಿಗೆ ಇಂಥ ಮಾತು ಯಾವಾಗ ಹೇಳಬೇಕು ಎಂದು ಚೆನ್ನಾಗಿ ಗೊತ್ತಿದೆ, ಅದಕ್ಕೇ ಅವನನ್ನು ಕಂಡರೆ ಆಗುವುದಿಲ್ಲ.

ಭಾನುವಾರ ಬೆಳಿಗ್ಗೆ ಕೂತವಳು ಮಧ್ಯಾಹ್ನದವರೆಗೂ ಬರೆದೆ. ಹೊಗಳುವುದು ಮರೆತೇ ಹೋಗಿತ್ತು. ಮೊದಲ ವಾಕ್ಯ ‘ಈ ಚಟ್ನಿ ಅಷ್ಟೇನೂ ಕೆಟ್ಟದಾಗಿಲ್ಲ’ ಎಂದು ಬಂತು, ಹೊಡೆದು ಹಾಕಿದೆ. ‘ಅದ್ಭುತ’ ಎಂದು ಬರೆದು ನೋಡಿದೆ, ನನಗೇ ನಗು ಬಂತು. ಕೊನೆಗೆ ಆ ಮೊದಲ ದಿನವನ್ನು ಬರೆದೆ. ಏಣಿ, ತಾರಸಿ, ಬೈದವರು, ಅಪ್ಪ ಇಲ್ಲದ ಬೆಳಿಗ್ಗೆ. ತೆಂಗಿನಕಾಯಿ ತುರಿ ನುಣ್ಣಗಾಗದೆ ಅಲ್ಲಲ್ಲಿ ಹಲ್ಲಿಗೆ ಸಿಗುತ್ತಿದ್ದದ್ದು, ಹಸಿಮೆಣಸಿನ ಖಾರ ತಡವಾಗಿ ಬರುವುದು, ಅದರ ಹಿಂದೆಯೇ ಮಾವಿನ ಶುಂಠಿಯ ವಾಸನೆ ಬರುವುದು. ಇದನ್ನು ರುಬ್ಬಿದ ಕೈಗೆ ಯಾವ ಅವಸರವೂ ಇಲ್ಲ, ಯಾರೋ ಒಬ್ಬರು ಬೆಳಗಿನ ಜಾವ ಎದ್ದು ನಾನು ಊಟ ಮಾಡಿದೆನೋ ಇಲ್ಲವೋ ಎಂದು ಯೋಚಿಸಿದ್ದಾರೆ ಎಂದು ಅವತ್ತು ಅನ್ನಿಸಿತ್ತು, ಅದನ್ನೂ ಬರೆದೆ. ‘ಈ ಊರಿನಲ್ಲಿ ನಾನು ಉಳಿದದ್ದು ಈ ಚಟ್ನಿಯಿಂದ. ಇದಕ್ಕಿಂತ ರುಚಿಯಾದದ್ದನ್ನು ನಾನು ತಿಂದಿಲ್ಲ, ತಿನ್ನುವ ಆಸೆಯೂ ಇಲ್ಲ. ಇಡ್ಲಿ ಅದಕ್ಕೊಂದು ನೆಪ’ ಎಂದು ಮುಗಿಸಿದೆ. ಮೇಲೆ ‘ಪರಮಶಿವಯ್ಯನ ಚಟ್ನಿ’ ಎಂದು ತಲೆಬರಹ ಹಾಕಿ ಪ್ರಕಟಿಸಿ, ಹತ್ತು ನಿಮಿಷ ಅತ್ತೆ. ಓದುಗರು ಎಂದೂ ಇಲ್ಲದಷ್ಟು ಗಾಬರಿಯಾದರು. ‘ಮೇಡಂ, ಆರೋಗ್ಯ ಸರಿಯಿದೆಯಾ?’ ಎಂದು ಹದಿನೆಂಟು ಮಂದಿ ಕೇಳಿದರು.

ಸಂಜೆ ಹೊತ್ತಿಗೆ ಗಲ್ಲಿಯಲ್ಲಿ ಸಂಭ್ರಮವೋ ಸಂಭ್ರಮ. ಪರಮಶಿವಯ್ಯ ಹೋಟೆಲಿನ ಬಾಗಿಲಿಗೆ ಮಾವಿನ ತೋರಣ ಕಟ್ಟಿದ. ಹೋಗುವಾಗ ಬಿದ್ದು ಒಡೆಯಬಾರದೆಂದು ದೇವರ ಫೋಟೋಗಳನ್ನೂ ನನ್ನ ಬೈಗುಳಗಳನ್ನೂ ಇಳಿಸಿ ಗೋಣಿಯಲ್ಲಿ ಸುತ್ತಿದ. ಲೋಟಗಳನ್ನು ಒಂದರೊಳಗೊಂದು ಇಟ್ಟು ಹಗ್ಗ ಬಿಗಿದ. ತಾನೂ ಜೊತೆಯಲ್ಲೇ ಹೋಗುವುದೆಂದು ಹೊಸ ಪಂಚೆಯುಟ್ಟು ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಹಾಸಿಗೆ ಹಾಸಿದ. ಅಕ್ಕಪಕ್ಕದವರು ಬಂದು, “ಹಾಳಾಗಿ ಹೋಗು, ಮತ್ತೆ ಮುಖ ತೋರಿಸ್ಬೇಡ” ಎಂದು ತಬ್ಬಿಕೊಂಡು ಬೀಳ್ಕೊಟ್ಟರು. ನಾನೂ ಹೋಗಿ ಕೊನೆಯ ಸಲ ಎರಡು ಇಡ್ಲಿ ತಿಂದೆ. ತಾಯಮ್ಮ ಹಿಂಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದಳು. ಹೋಟೆಲು ಹೋದ ಮೇಲೆ ನಿಮ್ಮ ಗತಿಯೇನು ಎಂದು ಅವಳನ್ನು ಯಾರೂ ಕೇಳಲಿಲ್ಲ. ನನಗೂ ಹೊಳೆಯಲಿಲ್ಲ.

ಬೆಳಿಗ್ಗೆ ಎದ್ದು ಕಿಟಕಿ ತೆರೆದೆ. ಹೋಟೆಲು ಅಲ್ಲೇ ಇತ್ತು. ತೋರಣವೂ ಅಲ್ಲೇ ಇತ್ತು. ಪರಮಶಿವಯ್ಯ ಹೊಸ ಪಂಚೆಯಲ್ಲಿ ಮೆಟ್ಟಿಲ ಮೇಲೆ ಕೂತು ನೆಲ ನೋಡುತ್ತಿದ್ದ. ನಾನು ಇಳಿದು ಹೋಗುವಷ್ಟರಲ್ಲಿ ಅರ್ಧ ಗಲ್ಲಿ ಸೇರಿತ್ತು.

“ಸುಳ್ಳು ಬರೆದ್ರಾ ಮೇಡಂ?” ಎಂದ ಪರಮಶಿವಯ್ಯ.

“ದೇವ್ರಾಣೆಗೂ ಇಲ್ಲ ಕಣ್ರೀ.”

“ಮತ್ತೆ ಯಾಕೆ ಹೋಗ್ಲಿಲ್ಲ?”

ನನಗೆ ಅವಮಾನಕ್ಕಿಂತ ಹೆಚ್ಚಾಗಿ ದಿಗಿಲು. ನನಗೇ ಗೊತ್ತಿಲ್ಲದೆ ನಾನು ಸುಳ್ಳು ಬರೆದೆನೇ? ಹನ್ನೊಂದು ವರ್ಷ ನನ್ನ ನಾಲಿಗೆ ನನಗೇ ಮೋಸ ಮಾಡಿತೇ? ಒಳಗೆ ಹೋಗಿ ಕೂತು, ಇಡ್ಲಿ ಕೊಡಿ, ಈಗಲೇ ತಿಂದು ನೋಡುತ್ತೇನೆ ಎಂದೆ. ಪರಮಶಿವಯ್ಯ ಎದ್ದು ಒಳಗೆ ಹೋದ. ಇಡ್ಲಿ ತಂದಿಟ್ಟ. ಬರೀ ಇಡ್ಲಿ.

“ಚಟ್ನಿ?”

ಅವನು ಗೋಡೆಯ ಕಡೆ ನೋಡಿದ. “ಇನ್ನೂ ಬಂದಿಲ್ಲ.”

“ಬಂದಿಲ್ಲ ಅಂದ್ರೆ? ಎಲ್ಲಿಂದ ಬರ್ಬೇಕು?”

ಅವನು ಹಿಂಬಾಗಿಲ ಕಡೆ ಕೈ ತೋರಿಸಿದ. ಆಮೇಲೆ ಇಬ್ಬರಿಗೂ ಒಟ್ಟಿಗೇ ಏನೋ ಹೊಳೆದು, ಒಬ್ಬರನ್ನೊಬ್ಬರು ತಳ್ಳಿಕೊಂಡು ಹಿಂಬಾಗಿಲಿಗೆ ಓಡಿದೆವು. ಚರಂಡಿ ಪಕ್ಕದಲ್ಲಿ ತಾಯಮ್ಮನ ಮನೆ ಇದ್ದ ಕಡೆ ಒದ್ದೆ ಮಣ್ಣಿನ ಒಂದು ಚೌಕ ಉಳಿದಿತ್ತು. ಅದರ ಅಂಚಿನಲ್ಲಿ ಒಂದು ಪೊರಕೆ, ಹೊಸ್ತಿಲ ಮುಂದೆ ಹಾಕಿದ್ದ ರಂಗೋಲಿ, ರಂಗೋಲಿಯ ಆ ಕಡೆ ಏನೂ ಇಲ್ಲ.

ಪರಮಶಿವಯ್ಯ ಅಲ್ಲೇ ಕುಕ್ಕರಿಸಿದ. “ನಮ್ಮ ಹೆಂಡ್ತಿ ಹೋದ್ಮೇಲಿಂದ ಅವಳೇ ರುಬ್ಬೋದು. ಇಪ್ಪತ್ತೆರಡು ವರ್ಷ ಆಯ್ತು. ಅವಳ ಮನೆ ಒರಳಲ್ಲೇ ಆಗ್ಬೇಕಂತೆ, ಇಲ್ಲಿ ಕೈ ಓಡಲ್ವಂತೆ.”

“ಮತ್ತೆ ನಿಮ್ಮ ಕೈಗುಣ? ತಾತನ ಕಾಲದ್ದು?”

“ಇಡ್ಲಿ ನಂದೇ ಮೇಡಂ,” ಎಂದ ದೀನನಾಗಿ.

ನಾನು ಫೋನು ತೆಗೆದು ನನ್ನ ಬರಹವನ್ನೇ ಮತ್ತೆ ಓದಿದೆ. ‘ರುಬ್ಬಿದ ಕೈ’ ಇತ್ತು. ‘ಬೆಳಗಿನ ಜಾವ ಎದ್ದವರು’ ಇದ್ದರು. ತಲೆಬರಹ ಬಿಟ್ಟರೆ ಪರಮಶಿವಯ್ಯ ಎಲ್ಲೂ ಇರಲಿಲ್ಲ. ಅವನ ಪಾಲಿಗೆ ನಾನು ಬರೆದದ್ದು ‘ಇಡ್ಲಿ ಅದಕ್ಕೊಂದು ನೆಪ’ ಅಂತ, ಅಷ್ಟೆ. ಅದಕ್ಕೆ ಗೂಡಂಗಡಿಯೂ ಅಲುಗುವುದಿಲ್ಲ.

ಅವತ್ತು ಆಫೀಸಿನಲ್ಲಿ ಕಿಟಕಿ ತೆಗೆದರೆ ಸಾಲಿನಲ್ಲಿ ನಾಲ್ಕನೆಯವಳು ತಾಯಮ್ಮ. ಸೊಂಟದ ಮೇಲೆ ಅದೇ ಮುಚ್ಚಿದ ಪಾತ್ರೆ. ಅವಳ ಸರದಿ ಬರುವವರೆಗೆ ನನಗೆ ಬೇರೆಯವರ ವಿಳಾಸ ಬರೆಯಲು ಕೈಯೇ ಓಡಲಿಲ್ಲ. ಬಂದವಳೇ ಪಾತ್ರೆಯನ್ನು ಕೌಂಟರಿನ ಮೇಲೆ ಕುಕ್ಕಿದಳು.

“ಯಾವಳೋ ಹಾಳಾದೋಳು ನನ್ನ ಮನೆ ಹೊಗಳಿಬುಟ್ಟವ್ಳೆ ಕಣವ್ವ! ಬೆಳಿಗ್ಗೆ ರುಬ್ಬಿ ಮುಗ್ಸಿ ಬಾಗ್ಲು ತೆಗೆದ್ರೆ ಕೆರೆ ಕಾಣ್ತದೆ. ಕೆರೆ! ಏರಿ ಮೇಲೆ, ಬಸ್ಸು ನಿಲ್ಲೋ ತಾವ. ದಾರಿ ಕೇಳ್ಕೊಂಡು ಕೇಳ್ಕೊಂಡು ಬಂದೆ. ಅಷ್ಟೊತ್ತಿಗೆ ಅಯ್ನೋರ ಹೋಟ್ಲು ಇಡ್ಲಿ ಹೊತ್ತು ಮುಗ್ದೇಹೋಯ್ತು.”

“ಮನೆ ಎಲ್ಲ ಸರಿಯಿದೆಯಾ ತಾಯಮ್ಮ?”

“ಮನೆಗೇನಾಗದೆ, ಬಿಸ್ಲು ಬತ್ತದೆ ಒಳೀಕೆ. ಇಪ್ಪತ್ತು ವರ್ಸದಿಂದ ಒಣಗದೇ ಇದ್ದ ಗೋಡೆ ಒಣಗ್ತಾ ಕುಂತದೆ.” ಹೇಳುತ್ತ ಅವಳಿಗೇ ಅದು ಅಷ್ಟು ಕೆಟ್ಟದ್ದಲ್ಲ ಅನ್ನಿಸಿರಬೇಕು, ತಕ್ಷಣ ಧ್ವನಿ ಏರಿಸಿದಳು. “ಆದ್ರೂ ಕೇಳ್ದೆ ಮಾಡ್ದೆ ಹೊಗಳಾದಾ? ಬರ್ಕೊ. ಯಾರು ಹೊಗಳಿದ್ದು ಅಂತ ಹುಡ್ಕಿ, ಅವಳ್ಗೆ ಮಾಡ್ತೀನಿ.”

ನಮೂನೆಯ ಮೂರನೆಯ ಕಲಮಿನಲ್ಲಿ ನಾನು ನನ್ನ ಹೆಸರು ಬರೆದೆ. ಬರೆದು ಅವಳಿಗೆ ಹೇಳಿದೆ. ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ನೀನಾ? ಮೂರು ಪ್ಲೇಟು ತಿಂದವ್ಳು?”

ಹನ್ನೊಂದು ವರ್ಷದ ಹಿಂದಿನ ಮೂರು ಪ್ಲೇಟನ್ನು ಅವಳು ನೆನಪಿಟ್ಟುಕೊಂಡಿದ್ದಳು. ಹಿಂಬಾಗಿಲ ಸಂದಿಯಿಂದ ಅವತ್ತು ನನ್ನನ್ನು ನೋಡಿದ್ದಳಂತೆ, ಮರುದಿನ ಕಾಯಿ ಒಂದು ಹೆಚ್ಚು ಒಡೆದಿದ್ದಳಂತೆ.

“ನನ್ನ ಏನಂತ ಹೊಗಳಿದೆ? ನಂಗೆ ಓದಕ್ಕೆ ಬರಾಕಿಲ್ಲ, ನೀನೇ ಓದು.”

ಓದಿದೆ. ಕೌಂಟರಿನ ಸಾಲು ಗೊಣಗುವುದನ್ನು ನಿಲ್ಲಿಸಿತು. ಎದುರಿನ ಮೇಜಿನಲ್ಲಿ ರುದ್ರಮುನಿ ಪೆನ್ಸಿಲ್ಲು ಕೆಳಗಿಟ್ಟ. ಪಾತ್ರೆಯ ಮುಚ್ಚಳದ ಮೇಲೆ ಎರಡೂ ಕೈಯಿಟ್ಟು ತಾಯಮ್ಮ ಕೇಳಿಸಿಕೊಂಡಳು. ಮುಗಿದಾಗ ಸೆರಗಿನಲ್ಲಿ ಮೂಗು ಒರೆಸಿಕೊಂಡು, “ಕಾಯಿ ನುಣ್ಣಗಾಗದೆ ಹಲ್ಲಿಗೆ ಸಿಗ್ತದೆ ಅಂತ ಬರ್ದಿದ್ದೀಯಲ್ಲ, ಅದು ಬೇಕೂಂತಲೇ ಬುಡಾದು ಕಣವ್ವ. ಬಾಯಿಗೆ ಕೆಲ್ಸ ಇರ್ಬೇಕು” ಎಂದಳು. ಪಾತ್ರೆಯ ಮುಚ್ಚಳ ತೆಗೆಯುತ್ತ, “ಇಪ್ಪತ್ತೆರಡು ವರ್ಸ ಆಯ್ತು, ನಂದು ಅಂತ ಒಬ್ರೂ ಹೇಳಿರ್ಲಿಲ್ಲ” ಎಂದಳು. ನಾನು ಗಟ್ಟಿಯಾಗಿ ಓದಿದ್ದರಿಂದ ಅತ್ತ ಕೆರೆ ಏರಿಯ ಮೇಲೆ ಅವಳ ಮನೆ ಇನ್ನೂ ಎರಡಡಿ ಜರುಗಿ ಬಸ್ಸಿನ ಕಂಬಕ್ಕೆ ತಾಗಿ ನಿಂತಿತ್ತು ಎಂದು ಆಮೇಲೆ ತಿಳಿಯಿತು. ಪಾತ್ರೆಯ ಚಟ್ನಿಯನ್ನು ಆ ಬೆಳಿಗ್ಗೆ ವಿಳಾಸ ತಿದ್ದುಪಡಿ ವಿಭಾಗ ಕೈಯಲ್ಲೇ ನೆಕ್ಕಿ ಮುಗಿಸಿತು. ಸಾಲಿನಲ್ಲಿದ್ದವರಿಗೂ ಸಿಕ್ಕಿತು. ಎಲ್ಲರೂ ಹಲ್ಲು ಕಚ್ಚಿಕೊಂಡು ಸುಮ್ಮನಿದ್ದರು, ಯಾರಾದರೂ ಬಾಯಿಬಿಟ್ಟಿದ್ದರೆ ಅವಳ ಮನೆ ಕೆರೆಗೆ ಬೀಳುತ್ತಿತ್ತು.

ಪರಮಶಿವಯ್ಯ ಮೂರು ದಿನ ಚಟ್ನಿಯಿಲ್ಲದ ಇಡ್ಲಿ ಮಾರಲು ನೋಡಿದ. ನಾಲ್ಕನೆಯ ದಿನ ಇಡ್ಲಿ ಪಾತ್ರೆ, ಒಲೆ, ಲೋಟಗಳು, ಗೋಣಿಯಲ್ಲಿ ಸುತ್ತಿದ ಫೋಟೋಗಳನ್ನೆಲ್ಲ ತಳ್ಳುಗಾಡಿಗೆ ಹೇರಿ, ಹೊಸ ಪಂಚೆಯನ್ನು ಮೊಣಕಾಲಿಗೆ ಎತ್ತಿಕಟ್ಟಿ, ಊರ ನಡುವೆ ಹಾಡುಹಗಲೇ ತಳ್ಳಿಕೊಂಡು ಕೆರೆ ಏರಿಗೆ ಹೋದ. ಜನ ಬಾಗಿಲಿಗೆ ಬಂದು ನೋಡಿದರು. ನಮ್ಮೂರಿನಲ್ಲಿ ಯಾರ ಹೊಗಳಿಕೆಯೂ ಇಲ್ಲದೆ ತಾನಾಗಿಯೇ ಜಾಗ ಬದಲಿಸಿದ ಮೊದಲ ಹೋಟೆಲು ಅದು. ನಮೂನೆ ಆರರಲ್ಲಿ ‘ಹೊಗಳಿದವರ ಹೆಸರು’ ಎನ್ನುವ ಕಡೆ ಏನು ಬರೆಯುವುದೆಂದು ನಾನೂ ರುದ್ರಮುನಿಯೂ ಒಂದು ಇಡೀ ಮಧ್ಯಾಹ್ನ ಕೂತು ಚರ್ಚಿಸಿದೆವು. ಕೊನೆಗೆ ಅಡ್ಡಗೆರೆ ಎಳೆದೆವು.

ತನ್ನ ಮನೆಯಲ್ಲೇ ಹೋಟೆಲು ಇಡಲು ತಾಯಮ್ಮ ಅವನನ್ನು ಹೊಸ್ತಿಲಲ್ಲೇ ನಿಲ್ಲಿಸಿ ಷರತ್ತು ಹೇಳಿದಳಂತೆ. ಒರಳು ಒಳಗಿರುವುದಿಲ್ಲ, ಮುಂದುಗಡೆ, ಎಲ್ಲರಿಗೂ ಕಾಣುವ ಹಾಗೆ ಇರುತ್ತದೆ. ಅಡುಗೆಮನೆಗೆ ಬಾಗಿಲಿರಕೂಡದು. ಬೋರ್ಡಿನ ಮೇಲೆ ಅವಳ ಹೆಸರು. ಪರಮಶಿವಯ್ಯ ಎಲ್ಲದಕ್ಕೂ ತಲೆಯಾಡಿಸಿದ. ಗೋಡೆಯ ಮೇಲಿನ ನನ್ನ ಬೈಗುಳಗಳ ಚೌಕಟ್ಟುಗಳಲ್ಲಿ ತನ್ನ ಹೆಸರಿದ್ದ ಕಡೆಯೆಲ್ಲ ಬಿಳಿ ಕಾಗದ ಅಂಟಿಸಿ, ಅದರ ಮೇಲೆ ಅವನೇ ಕೈಯಾರೆ ‘ತಾಯಮ್ಮ’ ಎಂದು ಬರೆದ. ಅವನ ಅಕ್ಷರ ಕಾಗೆಕಾಲು, ಆದರೂ ಓದಲು ಬರುತ್ತದೆ.

ನಾನೀಗ ಬೆಳಿಗ್ಗೆ ಆರೂವರೆಗೆ ಎದ್ದು ಎರಡು ಬಸ್ಸು ಬದಲಿಸಿ ಅಲ್ಲಿಗೆ ಹೋಗುತ್ತೇನೆ. ಅಲ್ಲಿಂದ ಆಫೀಸಿಗೆ ಓಡುತ್ತೇನೆ, ದಿನಾ ತಡ. ಆ ಮನೆ ಮತ್ತೆ ಎಲ್ಲಿಗೂ ಹೋಗಬಾರದು. ಅದಕ್ಕೆ ವಾರಕ್ಕೊಮ್ಮೆ ತಪ್ಪದೆ ಬೈಯುತ್ತೇನೆ. ‘ಕೆರೆ ಏರಿಯ ಮೇಲೆ ಒಬ್ಬಾಕೆ ಹೋಟೆಲು ತೆರೆದಿದ್ದಾಳೆ. ಚಟ್ನಿ ಬಾಯಿಗಿಡುವ ಹಾಗಿಲ್ಲ. ಹಾಲು ಬಿಟ್ಟ ಕೂಸು ಕೂಡ ಮುಖ ಸಿಂಡರಿಸುತ್ತದೆ. ಮುಖ್ಯವಾಗಿ, ಉಪ್ಪು ಸಾಲದು. ದಯವಿಟ್ಟು ಯಾರೂ ಆ ಕಡೆ ತಲೆಹಾಕಬೇಡಿ.’ ಏಳು ಗಂಟೆಗೇ ಸಾಲು ಬಸ್ಸು ನಿಲ್ದಾಣ ದಾಟಿರುತ್ತದೆ.

ಹೋದ ಗುರುವಾರ ಜನ ಕರಗಿದ ಮೇಲೆ ತಾಯಮ್ಮ ನನ್ನ ಪಕ್ಕ ಬಂದು ಕೂತಳು. ಕೈಯಲ್ಲಿನ್ನೂ ಮಾವಿನ ಶುಂಠಿಯ ವಾಸನೆ. ಈ ವಾರ ಏನು ಬೈದೆ ಎಂದು ಕೇಳುವುದು ಅವಳ ರೂಢಿ, ನಾನು ಓದಿದರೆ ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಾಳೆ. ಫೋನು ತೆಗೆದೆ.

“ಅದಲ್ಲ,” ಎಂದಳು. “ಅವತ್ತಿಂದು ಓದು.”

“ಬೇಡ ತಾಯಮ್ಮ, ಮನೆ ಜರುಗುತ್ತೆ.”

“ಎಷ್ಟು? ಎರಡಡಿ ತಾನೆ? ಆ ಕಡೆ ಹೊಂಗೆ ಮರ ಅದೆ, ನೆರಳಾಯ್ತದೆ. ಓದವ್ವ.”

ಒಳಗೆ ಇಡ್ಲಿ ಪಾತ್ರೆಯ ಹತ್ತಿರ ಪರಮಶಿವಯ್ಯ ನಮ್ಮ ಮಾತು ಕೇಳಿಸಿಕೊಂಡು ಲೋಟಗಳ ಗೋಪುರವನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡ. ನಾನು ಓದಲು ಶುರುಮಾಡಿದೆ. ಏಣಿಯ ಭಾಗ ದಾಟಿ ರುಬ್ಬಿದ ಕೈಯ ಭಾಗಕ್ಕೆ ಬರುವಷ್ಟರಲ್ಲಿ ನಮ್ಮ ಬೆಂಚಿನ ಕಾಲು ನೆಲಕ್ಕೆ ಕಿರ್ರೆಂದು ಉಜ್ಜಿತು, ಬಾಗಿಲಿನಲ್ಲಿ ಕಾಣುತ್ತಿದ್ದ ಕೆರೆ ಸ್ವಲ್ಪ ಎಡಕ್ಕೆ ಹೋಯಿತು, ಹೊಂಗೆಯ ನೆರಳು ಒರಳಿನ ಮೇಲೆ ಬಂದು ಬಿತ್ತು. ತಾಯಮ್ಮ ನೆರಳನ್ನು ನೋಡಿದಳು, ನನ್ನನ್ನು ನೋಡಿದಳು.

“ನಿಲ್ಸಬೇಡ,” ಎಂದಳು. “ಇನ್ನೊಂದಡಿ ಬೇಕು.”